ಗಾಡಿ ಮುಂದಿನ ಮರ್ಯಾದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಭಾವನದು ಒಂದು ಟಾಟಾ ಏಸ್. ಹಿಂದುಗಡೆ ಒಲೆ, ಕಾವಲಿ, ಚಟ್ನಿ ಡಬ್ಬ ಎಲ್ಲಾ ಜೋಡಿಸಿಕೊಂಡಿದ್ದಾರೆ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಹೊಂಗೆ ಮರದ ಕೆಳಗೆ ಸಂಜೆ ಆರಕ್ಕೆ ನಿಂತರೆ ರಾತ್ರಿ ಹತ್ತರವರೆಗೂ ದೋಸೆ, ಪಡ್ಡು. ಅಕ್ಕ ಮನೆಯಲ್ಲೇ ಹಿಟ್ಟು ರುಬ್ಬಿ, ಚಟ್ನಿ ಮಾಡಿ ಕಳಿಸುತ್ತಾಳೆ. ಶನಿವಾರ ಭಾನುವಾರ ನಾನು ಹೋಗಿ ಪಾರ್ಸೆಲ್ ಕಟ್ಟುತ್ತೇನೆ. ಐದು ವರ್ಷದಿಂದ ಇದೇ ಕೆಲಸ. ಆಫೀಸಿನವರು, ನೆಂಟರು, ಗಾಡಿ ಮುಂದೆ ನಿಂತ ಗಿರಾಕಿಗಳು ಕೇಳಿದ್ದನ್ನೇ ಕೇಳುತ್ತಿರುತ್ತಾರೆ. ಅವರು ಕೇಳಿದ ಹಾಗೇ ಪ್ರಶ್ನೆಗಳನ್ನು ಬರೆದು, ನನಗೆ ತಿಳಿದ ಉತ್ತರ ಹಾಕಿದ್ದೇನೆ. ಭಾವ ಓದಿ ಎರಡು ಕಡೆ ನಕ್ಕರು, ಒಂದು ಕಡೆ ತಿದ್ದಿದರು.

## ಮೊದಲನೇ ಸಲ ಹೋಗುವವರಿಗೆ

ಫುಡ್ ಟ್ರಕ್ ಬೇರೆ, ತಳ್ಳುಗಾಡಿ ಬೇರೆ ಅಲ್ವಾ? ಎರಡಕ್ಕೂ ಒಂದೇ ರೂಲ್ಸಾ?

ಬಹುತೇಕ ಒಂದೇ. ಫುಡ್ ಟ್ರಕ್ ಅಂದರೆ ಬಣ್ಣ ಬಳಿದ ವ್ಯಾನು, ಮೆನು ಬೋರ್ಡು, ಸೀರಿಯಲ್ ಲೈಟು, ಬರ್ಗರು, ಮೊಮೊ. ಅಲ್ಲಿ ಟೋಕನ್ ಕೊಡುತ್ತಾರೆ ಇಲ್ಲಾ ಹೆಸರು ಕೂಗುತ್ತಾರೆ. ಟೋಕನ್ ಸಿಕ್ಕಿದ ಮೇಲೆ ಕಿಟಕಿ ಬಿಟ್ಟು ಪಕ್ಕಕ್ಕೆ ಬಂದರೆ ಸಾಕು. ಓಮ್ನಿ, ಟಾಟಾ ಏಸ್, ತಳ್ಳುಗಾಡಿಗಳಲ್ಲಿ ಟೋಕನ್ ಇರಲ್ಲ, ಎಲ್ಲಾ ಬಾಯಿಮಾತು.

ಒಂದು ವಿಷಯ ಮಾತ್ರ ಎರಡು ಕಡೆಯೂ ನಿಜ. ಹೋಟೆಲಿನಲ್ಲಿ ಕ್ಯಾಷಿಯರ್ ಬೇರೆ, ಭಟ್ಟರು ಬೇರೆ, ಸಪ್ಲೈಯರ್ ಬೇರೆ, ಕ್ಲೀನರ್ ಬೇರೆ. ಗಾಡಿಯಲ್ಲಿ ಅಷ್ಟೂ ಕೆಲಸ ಮಾಡೋದು ಎರಡು ಕೈ, ಜಾಸ್ತಿ ಅಂದರೆ ನಾಲ್ಕು. ಹಿಟ್ಟು ಹುಯ್ಯುತ್ತಿರುವ ಕೈಯೇ ಚಿಲ್ಲರೆ ಕೊಡಬೇಕು, ಪಾರ್ಸೆಲ್ ಕಟ್ಟಬೇಕು. ಕೆಳಗೆ ಬರೆದಿರೋದರಲ್ಲಿ ಮುಕ್ಕಾಲು ಪಾಲು ಈ ಕೈಗಳ ವಿಚಾರವೇ.

ಲೈನೇ ಇರಲ್ಲ, ಎಲ್ಲಾ ಗುಂಪಾಗಿ ನಿಂತಿರ್ತಾರೆ. ನಂದು ಯಾವಾಗ ಹೇಳೋದು?

ಲೈನ್ ಇದೆ. ಅದು ಗಾಡಿಯವರ ತಲೆಯಲ್ಲಿದೆ. ನಮ್ಮ ಭಾವನ ಕಾವಲಿ ಮೇಲೆ ಒಂದು ಸಲಕ್ಕೆ ಆರು ದೋಸೆ ಹಿಡಿಸುತ್ತದೆ. ಅದಕ್ಕೆ ಅವರು ಟ್ರಿಪ್ ಅನ್ನುತ್ತಾರೆ. ಕೆಂಪು ಅಂಗಿಯವರದು ಎರಡು, ಅಜ್ಜಿಯದು ಒಂದು, ಪಾರ್ಸೆಲ್ ಮೂರು ಅಂದರೆ ಟ್ರಿಪ್ ತುಂಬಿತು. ನೀವು ಹೋದ ತಕ್ಷಣ ಅವರು ತಲೆ ಎತ್ತದೇ ಇರಬಹುದು, ಆದರೆ ನೋಡಿರುತ್ತಾರೆ. ಹೋಗಿ ನಿಂತು, ಪಕ್ಕದವರನ್ನ "ನಿಮ್ದು ಹೇಳಾಯ್ತಾ?" ಅಂತ ಒಂದು ಮಾತು ಕೇಳಿ. ಆಮೇಲೆ ಅವರು ಹಿಟ್ಟು ಹುಯ್ದು ಮುಗಿಸಿ ಸೌಟು ಕೆಳಗಿಟ್ಟಾಗ, ಒಂದೇ ಸಲ, ಕೇಳಿಸೋ ಹಾಗೆ ಹೇಳಿ: "ಅಣ್ಣಾ, ಎರಡು ಮಸಾಲೆ, ಇಲ್ಲಿಗೇ." ತಲೆ ಆಡಿಸಿದರು ಅಂದರೆ ಬರೆದುಕೊಂಡ ಹಾಗೆ. ಎರಡು ನಿಮಿಷಕ್ಕೊಂದು ಸಲ "ನಂದು ಆಯ್ತಾ, ನಂದು ಆಯ್ತಾ" ಅಂದರೆ ಅವರ ತಲೆಯೊಳಗಿನ ಲೈನು ಕಲಸಿಹೋಗುತ್ತದೆ, ಆಗ ನಿಮ್ಮದಷ್ಟೇ ಅಲ್ಲ, ಅಜ್ಜಿಯದೂ ತಪ್ಪಿಹೋಗುತ್ತದೆ.

ಏನಂತ ಕರೀಬೇಕು? ಅಣ್ಣ, ಭಯ್ಯಾ, ಬಾಸ್?

ಅಣ್ಣಾ, ಅಕ್ಕಾ ಅಂದರೆ ಎಲ್ಲಿಯೂ ತಪ್ಪಾಗಲ್ಲ. ವಯಸ್ಸಾದವರಿಗೆ ಯಜಮಾನ್ರೇ, ಅಮ್ಮಾ. ಹುಬ್ಬಳ್ಳಿ ಕಡೆ ಮಿರ್ಚಿ, ಗಿರ್ಮಿಟ್ ಗಾಡಿ ಮುಂದೆ ಕಾಕಾ, ಅಣ್ಣಾರ, ಅಕ್ಕಾರ ಅಂತಾರೆ. ಬೆಂಗಳೂರಲ್ಲಿ ಗುರು, ಬಾಸ್ ಕೂಡ ನಡೆಯುತ್ತದೆ, ಪರಿಚಯ ಇದ್ದರೆ ಇನ್ನೂ ಚೆನ್ನ. ಪಾನಿಪುರಿ ಗಾಡಿಯವನು ಉತ್ತರದಿಂದ ಬಂದ ಹುಡುಗ ಆಗಿದ್ದರೆ ಭಯ್ಯಾ ಅಂದರೂ ಅವನಿಗೇನೂ ಬೇಜಾರಿಲ್ಲ. ಆದರೆ ಒಂದು ಸಲ ಅಣ್ಣಾ ಅಂದು ನೋಡಿ, ಎಷ್ಟೋ ಹುಡುಗರು "ಖಾರ ಎಷ್ಟಣ್ಣ, ಮೀಡಿಯಂ?" ಅಂತ ಕನ್ನಡದಲ್ಲೇ ಕೇಳುತ್ತಾರೆ.

ಕರೆಯೋ ಪದಕ್ಕಿಂತ ಕರೆಯೋ ರೀತಿ ಚುಚ್ಚುತ್ತದೆ. ಕಾರಿನ ಗ್ಲಾಸ್ ಇಳಿಸಿ, ಹಾರನ್ ಹೊಡೆದು, ಚಿಟಿಕೆ ಹಾಕಿ "ಏಯ್, ಎರಡು ಪಾರ್ಸೆಲ್" ಅನ್ನುವವರು ಈಗಲೂ ಇದ್ದಾರೆ. ಅಂಥವರ ಪಾರ್ಸೆಲ್ ಕಟ್ಟುವಾಗ ನನ್ನ ಕೈ ತಾನಾಗಿಯೇ ನಿಧಾನ ಆಗುತ್ತದೆ. ಸುಳ್ಳು ಯಾಕೆ ಹೇಳಲಿ.

ರೇಟ್ ಕೇಳಿದ್ರೆ ಜಿಪುಣ ಅನ್ಕೋತಾರಾ?

ಇಲ್ಲ, ಕೇಳಿ. ಬೋರ್ಡ್ ಇಲ್ಲದ ಕಡೆ ಮೊದಲೇ ಕೇಳೋದು ಇಬ್ಬರಿಗೂ ಒಳ್ಳೆಯದು. ತಿಂದು ಕೈ ತೊಳೆದ ಮೇಲೆ "ಏನು, ಅಷ್ಟಾ?" ಅಂತ ಹುಬ್ಬೇರಿಸೋದೇ ಬೇಜಾರು. ಇನ್ನು ಚೌಕಾಸಿ. ಸೊಪ್ಪಿನವರ ಹತ್ತಿರ ಮಾಡಿ, ಬಟ್ಟೆ ಅಂಗಡಿಯಲ್ಲಿ ಮಾಡಿ. ಬೇಯಿಸಿದ ತಿಂಡಿಗೆ ಚೌಕಾಸಿ ಇಲ್ಲ.

## ಆರ್ಡರ್ ಹೇಳುವಾಗ

ನಾವು ಎಂಟು ಜನ ಹೋಗ್ತೀವಿ. ಎಲ್ಲರದೂ ಬೇರೆ ಬೇರೆ. ಹೇಗೆ ಹೇಳೋದು?

ಒಬ್ಬರು ಹೇಳಿ. ಗಾಡಿಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ಯಾರಿಗೆ ಏನು ಅಂತ ಮಾತಾಡಿಕೊಂಡು, ಒಬ್ಬರು ಬಂದು "ಮಸಾಲೆ ಮೂರು, ಖಾಲಿ ಎರಡು, ಪಡ್ಡು ಮೂರು" ಅಂದರೆ ಗಾಡಿಯವರಿಗೆ ಹಬ್ಬ. ಎಂಟು ಜನ ಎಂಟು ದಿಕ್ಕಿನಿಂದ ಕೂಗಿದರೆ ಒಂದಾದರೂ ಬಿಟ್ಟುಹೋಗುತ್ತದೆ, ಬಿಟ್ಟುಹೋಗೋದು ಯಾವಾಗಲೂ ಗುಂಪಿನಲ್ಲಿ ಮಾತು ಕಮ್ಮಿ ಇರೋ ಹುಡುಗನದೇ. ಎಲ್ಲಾ ಒಟ್ಟಿಗೆ ಬರಲಿ ಅಂತ ಕಾಯಬೇಡಿ, ಬಂದವರು ತಿನ್ನುತ್ತಾ ಹೋಗಿ. ಪಡ್ಡು ಗುಳಿಯಲ್ಲಿ ಬೇಯುವುದಕ್ಕೆ ದೋಸೆಗಿಂತ ಜಾಸ್ತಿ ಹೊತ್ತು ಬೇಕು.

ಎರಡು ಹೇಳಿಬಿಟ್ಟೆ, ಆಮೇಲೆ ಒಂದೇ ಸಾಕು ಅನ್ನಿಸ್ತು. ಕ್ಯಾನ್ಸಲ್ ಮಾಡಬಹುದಾ?

ಹಿಟ್ಟು ಕಾವಲಿಗೆ ಬೀಳೋ ತನಕ ಮಾಡಬಹುದು. ಮಸಾಲೆ ಪುರಿ ಆದರೆ ಪುರಿ ಪುಡಿ ಮಾಡೋ ತನಕ, ಎಗ್ ರೈಸ್ ಆದರೆ ಮೊಟ್ಟೆ ಒಡೆಯೋ ತನಕ. ಆಮೇಲೆ ಅದು ನಿಮ್ಮದು. ತಿನ್ನೋಕೆ ಆಗದಿದ್ದರೆ ಕಟ್ಟಿಸಿಕೊಂಡು ಹೋಗಿ. ಆರ್ಡರ್ ಹೇಳಿ "ಒಂದ್ನಿಮಿಷ, ಎಟಿಎಂಗೆ ಹೋಗಿ ಬರ್ತೀನಿ" ಅಂತ ಹೋದವರು ವಾಪಸ್ ಬಾರದೇ ತಣ್ಣಗಾದ ದೋಸೆಗಳನ್ನ ನಾನೇ ತುಂಬ ತಿಂದಿದ್ದೇನೆ.

ಖಾರ ಕಮ್ಮಿ, ಈರುಳ್ಳಿ ಬೇಡ, ಎಣ್ಣೆ ಬೇಡ ಅಂದ್ರೆ ಸಿಡುಕ್ತಾರಾ?

ಆರ್ಡರ್ ಜೊತೆಯಲ್ಲೇ ಹೇಳಿದರೆ ಯಾರೂ ಸಿಡುಕಲ್ಲ. ದೋಸೆ ಮೇಲೆ ಕೆಂಪು ಚಟ್ನಿ ಸವರಿ ಆದ ಮೇಲೆ ಹೇಳಿದರೆ ಕೆರೆದು ತೆಗೆಯಬೇಕು. ಎರಡು ಮೂರು ಬದಲಾವಣೆ ಸಾಕು, ಅದಕ್ಕಿಂತ ಜಾಸ್ತಿ ಇದ್ದರೆ ಜನ ಕಮ್ಮಿ ಇರೋ ಹೊತ್ತಿಗೆ ಬನ್ನಿ.

ಅಲರ್ಜಿ ಇರುವವರಿಗೆ ಮಾತ್ರ ನೇರವಾಗಿ ಹೇಳುತ್ತೇನೆ. ಕಡಲೆಕಾಯಿ ಆಗಲ್ಲ ಅಂದರೆ ಚುರುಮುರಿ ಗಾಡಿ ಹತ್ತಿರ "ಕಡಲೆಕಾಯಿ ಬೀಜ ಹಾಕಬೇಡಿ" ಅಂದರೆ ಸಾಲದು. ಅದೇ ಪಾತ್ರೆ, ಅದೇ ಚಮಚ, ಅದೇ ಕೈ. ಅಂಥವರು ಅಲ್ಲಿ ತಿನ್ನದಿರೋದೇ ಒಳ್ಳೆಯದು. ಮೊಟ್ಟೆ, ಮಾಂಸದ ವಿಚಾರವೂ ಹೀಗೇ. ಎಗ್ ರೈಸ್ ಗಾಡಿಯಲ್ಲಿ ವೆಜ್ ರೈಸ್ ಕೂಡ ಅದೇ ಬಾಣಲೆಯಲ್ಲಿ ಆಗುತ್ತದೆ. "ಬೇರೆ ಬಾಣಲೆ ಇದ್ಯಾ?" ಅಂತ ಕೇಳಿ. ಇಲ್ಲ ಅಂದರೆ ಸರಿ ಅಂತ ಮುಂದಕ್ಕೆ ಹೋಗಿ. ನಿಜ ಹೇಳಿದವರ ಮೇಲೆ ಕೂಗಾಡಿದರೆ ಮುಂದಿನವರಿಗೆ ಅವರು ಸುಳ್ಳು ಹೇಳೋದು ಕಲಿಯುತ್ತಾರೆ.

ಬೈಟು ಕೇಳೋದು ಮರ್ಯಾದೆನಾ?

ಬೆಂಗಳೂರಲ್ಲಿ ಹುಟ್ಟಿ ಈ ಪ್ರಶ್ನೆ ಕೇಳ್ತೀರಲ್ಲ! ಕಾಫಿ, ಟೀ, ಗೋಬಿ ಎಲ್ಲಕ್ಕೂ ಬೈಟು ಉಂಟು. ಗೋಬಿ ಬೈಟು ಅಂದರೆ ಅವರೇ ಎರಡು ಪ್ಲೇಟಿಗೆ ಹಂಚಿ ಕೊಡುತ್ತಾರೆ. ದೋಸೆಗೆ ಒಂದು ಖಾಲಿ ಪ್ಲೇಟ್ ಕೇಳಿ, ಕೊಡುತ್ತಾರೆ. ಬೈಟು ಹೇಳಿ ಚಟ್ನಿ ಮಾತ್ರ ನಾಲ್ಕು ಜನಕ್ಕೆ ಆಗುವಷ್ಟು ಹಾಕಿಸಿಕೊಂಡರೆ ಭಾವನ ಮುಖ ಸ್ವಲ್ಪ ಬದಲಾಗುತ್ತದೆ. ತೆಂಗಿನಕಾಯಿ ರೇಟು ಗೊತ್ತಲ್ಲ.

ಪಾನಿಪುರಿ ಗಾಡಿ ಮುಂದೆ ನಂಗೆ ಯಾವಾಗ್ಲೂ ಗಾಬರಿ ಆಗುತ್ತೆ. ಅಲ್ಲಿ ಹೇಗಿರಬೇಕು?

ಗಾಬರಿ ಆಗೋದು ಸಹಜ, ಅದು ಒಂಥರಾ ಆಟವೇ. ಮೊದಲು ಯಾವ ಬಗೆಯ ಗಾಡಿ ಅಂತ ನೋಡಿ. ಕೆಲವು ಕಡೆ ಪುರಿಗಳನ್ನೆಲ್ಲಾ ಒಂದೇ ಸಲ ಪ್ಲೇಟಿಗೆ ಹಾಕಿ ಪಾನಿ ಒಂದು ಬಟ್ಟಲಲ್ಲಿ ಕೊಡುತ್ತಾರೆ. ಬಂಗಾರಪೇಟೆ ಪಾನಿಪುರಿ ಅಂತ ಬೋರ್ಡ್ ಇದ್ದರೆ ಪಾನಿ ಹಸಿರಾಗಿರಲ್ಲ, ಬರೀ ನೀರಿನ ಹಾಗೆ ತಿಳಿಯಾಗಿರುತ್ತದೆ. ಕುಡಿಯೋ ನೀರು ಅಂತ ಗಟಗಟ ಕುಡಿಯಬೇಡಿ, ಮೂಗಿಗೆ ಹತ್ತುತ್ತದೆ.

ಇನ್ನೊಂದು ಬಗೆಯಲ್ಲಿ ಐದಾರು ಜನ ದೊನ್ನೆ ಹಿಡಿದು ಸುತ್ತ ನಿಲ್ಲುತ್ತಾರೆ, ಅವನು ಒಂದೊಂದೇ ಪುರಿ ಹೆಬ್ಬೆರಳಲ್ಲಿ ತೂತು ಮಾಡಿ, ಪಲ್ಯ ತುಂಬಿ, ಪಾನಿಯಲ್ಲಿ ಮುಳುಗಿಸಿ, ಸರದಿ ಪ್ರಕಾರ ಹಾಕುತ್ತಾ ಹೋಗುತ್ತಾನೆ. ಇಲ್ಲಿ ಕೆಲಸ ಒಂದೇ, ನಿಮ್ಮ ಸುತ್ತು ಬರುವಷ್ಟರಲ್ಲಿ ದೊನ್ನೆ ಖಾಲಿ ಇರಬೇಕು. ಪುರಿ ಬಿದ್ದ ಕೂಡಲೇ ಬಾಯಿಗೆ ಹಾಕಿ. ಅರ್ಧ ಕಚ್ಚಿದರೆ ಅಂಗಿ ಹೋಯಿತು. ಫೋನ್ ಬಂದರೆ ತೆಗೆಯಬೇಡಿ, ನೀವು ನಿಂತರೆ ಇಡೀ ಸುತ್ತು ನಿಲ್ಲುತ್ತದೆ. ಖಾರ ಜಾಸ್ತಿ ಆಯಿತು ಅಂದರೆ ದೊನ್ನೆ ಮೇಲೆ ಕೈ ಅಡ್ಡ ಇಡಿ, ಅವನು ನಿಮ್ಮನ್ನು ಬಿಟ್ಟು ಮುಂದಿನವರಿಗೆ ಹೋಗುತ್ತಾನೆ. ಎಣಿಕೆ ಅವನಿಗೆ ನೆನಪಿರುತ್ತದೆ. ಕೊನೆಗೆ ಪಾನಿ ಇಲ್ಲದ ಒಂದು ಒಣ ಪುರಿ ಸುಮ್ನೆ ಕೊಡುವ ರೂಢಿ ಇದೆ. ಒಂದು ಸಲ ಕೇಳಬಹುದು. ಎರಡನೇದು ಕೇಳೋಕೆ ಸ್ವಲ್ಪ ಧೈರ್ಯ ಬೇಕು.

## ದುಡ್ಡಿನ ವಿಚಾರ

ದುಡ್ಡು ಮೊದಲೇ ಕೊಡಬೇಕಾ, ತಿಂದಮೇಲಾ?

ಗಾಡಿಗೊಂದು ಪದ್ಧತಿ. ಕೇಳಿದರೆ ಆಯಿತು. ನಮ್ಮ ಭಾವ ತಿಂದ ಮೇಲೆ ತೆಗೆದುಕೊಳ್ಳುತ್ತಾರೆ. "ಏನೇನು ತಿಂದ್ರಿ?" ಅಂತ ನಿಮ್ಮನ್ನೇ ಕೇಳುತ್ತಾರೆ. ಅದು ಮರೆತು ಕೇಳೋದಲ್ಲ, ಕೈಯಲ್ಲಿ ಕೆಲಸ ಇರೋದಕ್ಕೆ ಲೆಕ್ಕ ನಿಮಗೆ ಬಿಡುತ್ತಾರೆ ಅಷ್ಟೇ. ಆದ್ದರಿಂದ ತಿಂದಿದ್ದು ಎಣಿಸಿಟ್ಟುಕೊಳ್ಳಿ, ಮಗು ಮಧ್ಯದಲ್ಲಿ ಇನ್ನೊಂದು ಪ್ಲೇಟ್ ತೆಗೆದುಕೊಂಡಿದ್ದರೆ ಅದನ್ನೂ ಸೇರಿಸಿ.

ಒಬ್ಬರು ಮಳೆ ಬಂತು ಅಂತ ಹೆಲ್ಮೆಟ್ ಹಾಕಿಕೊಂಡು ಓಡಿದವರು ಮೂರು ದಿನ ಆದ ಮೇಲೆ ಬಂದರು. "ಮೊನ್ನೆ ಪಡ್ಡು ದುಡ್ಡು ಕೊಡ್ಲಿಲ್ಲ ಅನ್ಸುತ್ತೆ ಅಣ್ಣಾ." ಭಾವ ತಲೆ ಎತ್ತದೇ "ಹೂಂ, ಪಡ್ಡು ಒಂದು, ಎಕ್ಸ್‌ಟ್ರಾ ಚಟ್ನಿ" ಅಂದರು. ಮೂರು ದಿನ ನನಗೂ ಹೇಳಿರಲಿಲ್ಲ.

ಬರೀ ಕ್ಯಾಶ್ ಅಂತ ಬೋರ್ಡ್ ಹಾಕಿದ್ದಾರೆ. ಯುಪಿಐ ಯಾಕೆ ಇಲ್ಲ ಅಂತ ಜಗಳ ಮಾಡಬಹುದಾ?

ಜಗಳ ಯಾಕೆ? ಇದರ ಹಿಂದೆ ಒಂದು ಕತೆ ಇದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಕರ್ನಾಟಕದ ಎಷ್ಟೋ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು ಅನ್ನೋದು ನಿಯಮ. ಬೇಕರಿ, ಟೀ ಅಂಗಡಿ, ತರಕಾರಿಯವರು ಎಲ್ಲಾ ಹೆದರಿ ಸ್ಕ್ಯಾನರ್ ಕಿತ್ತುಹಾಕಿ "ಓನ್ಲಿ ಕ್ಯಾಶ್" ಅಂತ ಬರೆದರು. ಬಂದ್ ಮಾಡ್ತೀವಿ ಅನ್ನುವ ತನಕ ಹೋಯಿತು. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆಸಿ ಮಾತಾಡಿ, ಹಳೇ ಬಾಕಿ ವಸೂಲಿ ಮಾಡಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂದರು. ತುಂಬ ಜನ ಸ್ಕ್ಯಾನರ್ ವಾಪಸ್ ಇಟ್ಟರು. ಭಯ ಹೋಗದವರು ಇಟ್ಟಿಲ್ಲ. ಜೇಬಲ್ಲಿ ನೂರು ರೂಪಾಯಿ ಇಟ್ಟುಕೊಂಡು ಹೋದರೆ ಮುಗೀತು.

ಪೇಮೆಂಟ್ ಸುತ್ತುತ್ತಾ ಇದೆ, ಸ್ಕ್ರೀನ್ ತೋರಿಸಿ ಹೋಗಬಹುದಾ?

ಬೇಡ. ಸೌಂಡ್ ಬಾಕ್ಸ್ ಕೂಗುವ ತನಕ ನಿಲ್ಲಿ. ನಕಲಿ ಸ್ಕ್ರೀನ್ ತೋರಿಸಿ ಹೋಗುವವರು ಇದ್ದಾರೆ, ಆ ಗದ್ದಲದಲ್ಲಿ ಅಸಲಿ ನಕಲಿ ನೋಡೋಕೆ ಯಾರಿಗೆ ಪುರುಸೊತ್ತು? ನೀವು ಪ್ರಾಮಾಣಿಕರೇ ಇರಬಹುದು, ಗಾಡಿಯವರು ಅನುಮಾನದಿಂದ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ. ನೆಟ್‌ವರ್ಕ್ ಕೈಕೊಟ್ಟರೆ ನಂಬರ್ ಹೇಳಿ, "ರಾತ್ರಿ ಬರದಿದ್ರೆ ಫೋನ್ ಮಾಡಿ" ಅಂದು ಹೋಗಿ. ಇನ್ನೊಂದು ಮಾತು. ತಿಂಡಿ ಆರ್ಡರ್ ಮಾಡಿದಾಗಲೇ ಆ್ಯಪ್ ತೆಗೆದಿಟ್ಟುಕೊಳ್ಳಿ, ಪಿನ್ ನೆನಪು ಮಾಡಿಕೊಳ್ಳುತ್ತಾ ಕಾವಲಿ ಮುಂದೆ ನಿಂತರೆ ಹಿಂದಿನವರ ದೋಸೆ ಸೀಯುತ್ತದೆ.

500ರ ನೋಟು ಕೊಟ್ರೆ ಬೈತಾರೆ, 10ರ ಕಾಯಿನ್ ಕೊಟ್ರೆ ತಗೊಳ್ಳಲ್ಲ. ಏನ್ ಮಾಡ್ಲಿ?

ಆರು ಗಂಟೆಗೆ ಮೊದಲ ಗಿರಾಕಿಯಾಗಿ ಹೋಗಿ 500 ಕೊಟ್ಟರೆ ಚಿಲ್ಲರೆ ಎಲ್ಲಿಂದ ಬರಬೇಕು? ಒಂಬತ್ತು ಗಂಟೆ ಮೇಲೆ ಕೊಡಿ, ಖುಷಿಯಿಂದ ತೆಗೆದುಕೊಳ್ಳುತ್ತಾರೆ. ಮೊದಲ ವ್ಯಾಪಾರಕ್ಕೆ ಬೋಣಿ ಅಂತಾರೆ. ಭಾವ ಬೋಣಿ ದುಡ್ಡನ್ನ ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕುತ್ತಾರೆ. ಆ ಹೊತ್ತಲ್ಲಿ "ನಾಳೆ ಕೊಡ್ತೀನಿ" ಅನ್ನೋದು, ರೇಟು ಕೇಳಿ ಮುಖ ಸಿಂಡರಿಸಿ ಹೋಗೋದು ಮಾಡಬೇಡಿ. ನಿಮಗೆ ನಂಬಿಕೆ ಇಲ್ಲದಿರಬಹುದು, ಅವರಿಗಿದೆ.

10ರ ನಾಣ್ಯ ಎಲ್ಲವೂ ಚಲಾವಣೆಯಲ್ಲಿದೆ. 14 ಬಗೆಯ ವಿನ್ಯಾಸ ಇದೆ, ಎಲ್ಲಾ ಅಸಲಿಯೇ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಆದರೂ ಕೆಲವರು ತೆಗೆದುಕೊಳ್ಳಲ್ಲ, ಯಾಕೆಂದರೆ ಅವರಿಂದ ಹಾಲಿನವರು ತೆಗೆದುಕೊಳ್ಳಲ್ಲ. ಒಂದು ಸಲ ಸಮಾಧಾನವಾಗಿ ಹೇಳಿ ನೋಡಿ. ಆಗಲ್ಲ ಅಂದರೆ ನೋಟು ಕೊಡಿ.

ಟಿಪ್ಸ್ ಕೊಡಬೇಕಾ? ಅಮೆರಿಕಾದಲ್ಲಿ ನಮ್ಮ ಮಗ ಕೊಡಲೇಬೇಕು ಅಂತಾನೆ.

ಇಲ್ಲಿ ಬೇಕಿಲ್ಲ. ಐದು ರೂಪಾಯಿ ಚಿಲ್ಲರೆ ಇಲ್ಲದಾಗ "ಇರಲಿ ಬಿಡಿ" ಅಂದರೆ ಅದೇ ಟಿಪ್ಸು. ಅಲ್ಲಿಯ ಫುಡ್ ಟ್ರಕ್ಕಲ್ಲಿ ಕಾರ್ಡ್ ಉಜ್ಜುವಾಗ ಸ್ಕ್ರೀನ್ ಮೇಲೆ 15, 18, 20 ಪರ್ಸೆಂಟ್ ಅಂತ ಬರುತ್ತದೆ, ಒತ್ತೋದು ಬಿಡೋದು ಕೊಳ್ಳುವವರಿಗೆ ಬಿಟ್ಟಿದ್ದು. ಮಗನ ಜೊತೆ ಹೋದಾಗ ಅವನೇ ಒತ್ತಲಿ. ಡಾಲರನ್ನ ರೂಪಾಯಿಗೆ ಲೆಕ್ಕ ಹಾಕಿದರೆ ತಿಂದಿದ್ದು ಮೈಗೆ ಹತ್ತಲ್ಲ.

## ನಿಂತು ತಿನ್ನುವಾಗ

ಬೈಕ್ ಮೇಲೇ ಕೂತು ತಿಂದ್ರೆ ತಪ್ಪಾ?

ಕೂರೋದು ತಪ್ಪಲ್ಲ, ಬೈಕ್ ಎಲ್ಲಿದೆ ಅನ್ನೋದು ಮುಖ್ಯ. ಯಾರದೋ ಮನೆ ಗೇಟಿಗೆ ಅಡ್ಡ ನಿಲ್ಲಿಸಿ "ಐದು ನಿಮಿಷ" ಅಂತೀರಿ. ಆ ಮನೆಯವರು ದೂರು ಕೊಡೋದು ನಿಮ್ಮ ಬೈಕಿನ ಮೇಲಲ್ಲ, ಗಾಡಿ ಮೇಲೆ. ನೀವು ತಿಂದು ಹೋಗಿರುತ್ತೀರಿ, ಮಾರನೇ ದಿನ ಪೊಲೀಸರಿಗೆ ಉತ್ತರ ಹೇಳೋದು ಭಾವ. ನಮ್ಮ ಮರದ ಎದುರು ಮನೆ ಅಜ್ಜ ಒಬ್ಬರು ಎರಡು ವರ್ಷ ಮಾತು ಬಿಟ್ಟಿದ್ದರು, ಎಲ್ಲಾ ಈ ಪಾರ್ಕಿಂಗ್ ವಿಚಾರಕ್ಕೇ. ಈಗ ವಾರಕ್ಕೊಂದು ಸಲ ಪಡ್ಡು ಕಳಿಸ್ತೀವಿ.

ಕೈ ಎಲ್ಲಿ ತೊಳೀಬೇಕು, ಪ್ಲೇಟ್ ಎಲ್ಲಿ ಇಡಬೇಕು?

ತಟ್ಟೆ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ಕೊಟ್ಟಿದ್ದರೆ, ತಿಂದ ಮೇಲೆ ಕವರನ್ನ ಒಳಮುಖವಾಗಿ ಮಡಚಿ ಕಸದ ಡಬ್ಬಕ್ಕೆ ಹಾಕಿ ತಟ್ಟೆ ವಾಪಸ್ ಕೊಡಿ. ಅಡಿಕೆ ಹಾಳೆ, ದೊನ್ನೆ ಆದರೆ ನೇರ ಡಬ್ಬಕ್ಕೆ. ಮೋರಿಗೆ, ಮರದ ಬುಡಕ್ಕೆ ಬೇಡ. ಕುಡಿಯೋ ನೀರಿನ ಡ್ರಮ್ಮಿಗೆ ಎಂಜಲು ಲೋಟ ಅದ್ದಬೇಡಿ. ಕೈ ತೊಳೆಯುವಾಗ ಸ್ವಲ್ಪ ದೂರ ಹೋಗಿ, ಬಾಯಿ ಮುಕ್ಕಳಿಸಿ ಉಗಿಯೋದಂತೂ ಇನ್ನೂ ದೂರ, ಪಕ್ಕದಲ್ಲೇ ಇನ್ನೊಬ್ಬರು ತಿನ್ನುತ್ತಿರುತ್ತಾರೆ ಅಲ್ವಾ. ನಾಯಿಗೆ ಹಾಕೋದಾದರೆ ಗಾಡಿಯಿಂದ ಆಚೆ ಕರೆದುಕೊಂಡು ಹೋಗಿ ಹಾಕಿ. ಗಾಡಿ ಹತ್ತಿರವೇ ಹಾಕಿದರೆ ಮಾರನೇ ದಿನ ಅದು ನಾಲ್ಕು ಜನ ಗೆಳೆಯರ ಜೊತೆ ಬರುತ್ತದೆ.

ಪಾರ್ಸೆಲ್‌ಗೆ ಮನೆಯಿಂದ ಡಬ್ಬ ತಂದ್ರೆ ನಗ್ತಾರಾ?

ನಗಲ್ಲ, ನಾನಂತೂ ಕೈ ಮುಗಿಯುತ್ತೇನೆ. ಬಿಸಿ ಸಾಂಬಾರನ್ನ ತೆಳು ಕವರಿಗೆ ಹುಯ್ದು ದಾರ ಸುತ್ತುವಾಗ ಎಷ್ಟು ಸಲ ಕೈ ಸುಟ್ಟುಕೊಂಡಿದ್ದೇನೋ. ಡಬ್ಬ ಒಣಗಿರಲಿ, ಮುಚ್ಚಳ ತೆಗೆದು ಕೊಡಿ, ಚಟ್ನಿಗೆ ಬೇರೆ ಸಣ್ಣ ಡಬ್ಬ ಇದ್ದರೆ ಇನ್ನೂ ಒಳ್ಳೆಯದು. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಕವರ್, ತಟ್ಟೆ, ಲೋಟ, ಚಮಚಕ್ಕೆ ನಿಷೇಧ ಇದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನಿಗೆ ದೇಶದಲ್ಲೆಲ್ಲಾ ನಿಷೇಧ ಬಂತು. ನ್ಯೂಸ್ ಪೇಪರಿನಲ್ಲಿ ತಿಂಡಿ ಸುತ್ತಬಾರದು ಅಂತಲೂ 2018ರ ಆಹಾರ ಪ್ಯಾಕಿಂಗ್ ನಿಯಮದಲ್ಲಿದೆ, ಶಾಯಿ ಎಣ್ಣೆಗೆ ಬಿಡುತ್ತದೆ. ನಿಯಮ ಇದೆ, ಆದರೂ ಗಾಡಿಗಳಲ್ಲಿ ಕವರ್ ಇನ್ನೂ ಕಾಣುತ್ತದೆ, ನಮ್ಮಲ್ಲೂ ಇತ್ತು. ಗಿರಾಕಿ ಡಬ್ಬ ತರಲ್ಲ, ಬಾಳೆಲೆ ಬೆಲೆ ಜಾಸ್ತಿ. ಡಬ್ಬ ತರುವವರು ಹತ್ತು ಜನ ಆದ ಮೇಲೆ ಭಾವ ಕವರ್ ತರೋದು ಅರ್ಧಕ್ಕೆ ಇಳಿಸಿದರು.

ಮಳೆ ಬಂದಾಗ ಸುಮ್ನೆ ಟಾರ್ಪಾಲ್ ಕೆಳಗೆ ನಿಲ್ಲಬಹುದಾ?

ನಿಲ್ಲಿ. ಯಾರೂ ಓಡಿಸಲ್ಲ. ಒಲೆ ಕಡೆ ಒತ್ತಬೇಡಿ ಅಷ್ಟೇ, ಹಿಂದೆ ಸಿಲಿಂಡರ್ ಪೈಪ್ ಇರುತ್ತದೆ. ಟಾರ್ಪಾಲಲ್ಲಿ ನೀರು ತುಂಬಿ ಜೋತಾಗ ಕೆಳಗಿನಿಂದ ಎತ್ತಿ ಚೆಲ್ಲೋಕೆ ಒಂದು ಕೈ ಕೊಟ್ಟರೆ, ಕೊಳ್ಳದಿದ್ದರೂ ಒಂದು ಲೋಟ ಬಿಸಿ ಸಾಂಬಾರ್ ಸಿಕ್ಕೀತು.

ರೀಲ್ಸ್ ಮಾಡಬಹುದಾ?

ಕೇಳಿ ಮಾಡಿ. ದೋಸೆ, ಕೈ, ಹೊಗೆ ಎಷ್ಟು ಬೇಕಾದರೂ ತೆಗೆಯಿರಿ, ಮುಖ ತೆಗೆಯೋ ಮೊದಲು ಒಂದು ಮಾತು. ನಮ್ಮ ಗಾಡಿಗೆ ಬರುವ ಒಬ್ಬಾಕೆ ಮನೆಯಲ್ಲಿ ಉಪವಾಸ ಅಂತ ಹೇಳಿ ಬಂದಿರುತ್ತಾರೆ, ಅವರ ಸಂಸಾರ ಯಾಕೆ ಕೆಡಿಸ್ತೀರಿ! ಎಂಟು ಗಂಟೆಯ ರಶ್ಶಲ್ಲಿ ಲೈಟ್ ಹಿಡಿದು "ಅಣ್ಣಾ, ಇನ್ನೊಂದ್ಸಲ ಬೆಣ್ಣೆ ಹಾಕಿ" ಅನ್ನಬೇಡಿ. ವಿಡಿಯೋ ಮಾಡಿದ್ದಕ್ಕೆ ಪುಕ್ಕಟೆ ತಿಂಡಿ ಕೇಳೋದು ನಾಚಿಕೆಗೇಡು. ವಿಡಿಯೋ ಓಡಿದರೆ ಗಾಡಿಗೆ ಒಳ್ಳೆಯದೇ ಅಂತೀರಿ. ಒಂದು ಸಲ ನಮ್ಮದು ಓಡಿತು. ಒಂದು ವಾರ ಜಾತ್ರೆ, ಏಳೂವರೆಗೇ ಹಿಟ್ಟು ಖಾಲಿ, ದಿನಾ ಬರುವವರು ನೋಡಿ ನೋಡಿ ವಾಪಸ್ ಹೋದರು. ಎರಡನೇ ವಾರ ಹೊಸಬರು ಇಲ್ಲ, ಹಳಬರು ಬರೋಕೆ ತಿಂಗಳಾಯಿತು.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಪ್ಲೇಟಲ್ಲಿ ಕೂದಲು ಸಿಕ್ತು. ಎಲ್ಲರ ಮುಂದೆ ಹೇಳಲಾ, ಸುಮ್ನಿರಲಾ?

ಸುಮ್ನಿರಬೇಡಿ. ಪ್ಲೇಟ್ ತೆಗೆದುಕೊಂಡು ಹೋಗಿ, ಮೆಲ್ಲಗೆ, "ಅಣ್ಣಾ, ಇದು ನೋಡಿ" ಅಂತ ತೋರಿಸಿ. ಮರ್ಯಾದಸ್ಥರು ತಕ್ಷಣ ಬೇರೆ ಹಾಕಿಕೊಡುತ್ತಾರೆ, ಇಲ್ಲಾ ದುಡ್ಡು ವಾಪಸ್ ಕೊಡುತ್ತಾರೆ. ಅರ್ಧಕ್ಕಿಂತ ಜಾಸ್ತಿ ತಿಂದು ಆಮೇಲೆ ಉಪ್ಪು ಜಾಸ್ತಿ ಅಂದರೆ ಕಷ್ಟ, ಮೊದಲ ತುತ್ತಿಗೇ ಹೇಳಿ. ಚಟ್ನಿ ಹುಳಿ ವಾಸನೆ ಬಂದರೆ ಮಾತ್ರ ಸ್ವಲ್ಪ ಜೋರಾಗೇ ಹೇಳಿ, ಪಕ್ಕದ ಮಗುವೂ ಅದನ್ನೇ ತಿನ್ನುತ್ತಿರುತ್ತದೆ. ಒಮ್ಮೆ ಬೇಸಿಗೆಯಲ್ಲಿ ನಮ್ಮದೇ ಚಟ್ನಿ ಹಾಗಾಗಿತ್ತು. ಒಬ್ಬ ಹುಡುಗಿ ಹೇಳಿದ ಮೇಲೆ ಭಾವ ಅಷ್ಟನ್ನೂ ಚೆಲ್ಲಿ, ಉಳಿದ ಸಂಜೆ ಬರೀ ಸಾಗು ಹಾಕಿ ಕೊಟ್ಟರು.

ಗೋಬಿಗೆ ಬಣ್ಣ ಹಾಕ್ತೀರಾ, ಲೈಸೆನ್ಸ್ ಇದ್ಯಾ ಅಂತ ಕೇಳೋದು ಅವಮಾನ ಮಾಡಿದ ಹಾಗಾ?

ಕೇಳುವ ದನಿ ನೋಡಿಕೊಂಡು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನ ನಿಷೇಧಿಸಿತು. ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮೈನ್ ಬಿ ಅನ್ನೋ ಬಣ್ಣ ಸಿಕ್ಕಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ಬೇಡ ಅಂದರು. ಇಡ್ಲಿ ಬೇಯಿಸುವಾಗ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕುವುದರ ಮೇಲೆ 2025ರ ಫೆಬ್ರವರಿಯಲ್ಲಿ ಗದ್ದಲ ಎದ್ದು, ಅದಕ್ಕೂ ತಡೆ ಬಂತು. ಹಾಗಾಗಿ "ಕಲರ್ ಹಾಕ್ದೆ ಮಾಡಿಕೊಡಿ ಅಣ್ಣಾ" ಅನ್ನೋದು ನಿಮ್ಮ ಹಕ್ಕು. ಆದರೆ ಕಂದು ಬಣ್ಣದ ಗೋಬಿ ಕೊಟ್ಟಾಗ "ಏನಿದು, ಡಲ್ಲಾಗಿದೆ" ಅಂತ ಪಕ್ಕದ ಗಾಡಿಗೆ ಹೋಗುವವರೂ ನಾವೇ. ಆ ಕೆಂಪು ನಾವು ಕೇಳಿ ಹಾಕಿಸಿಕೊಂಡಿದ್ದು.

ಎಫ್‌ಎಸ್‌ಎಸ್‌ಎಐ ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಅದರ ನೋಂದಣಿಗೆ 14 ಅಂಕಿಯ ನಂಬರ್ ಇರುತ್ತದೆ. ಕೆಲವರು ಗಾಡಿ ಮೇಲೆ ಅಂಟಿಸಿರುತ್ತಾರೆ. ಮೊದಲು ಕಣ್ಣಲ್ಲಿ ಹುಡುಕಿ, ಕಾಣದಿದ್ದರೆ ಕೇಳಿ. ದಿಢೀರ್ ಇನ್‌ಸ್ಪೆಕ್ಟರ್ ಥರ ಫೋನ್ ಹಿಡಿದು ಕೇಳಿದರೆ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ.

ನಾನು ತಿನ್ನುತ್ತಿರುವಾಗಲೇ ಪಾಲಿಕೆಯವರು ಬಂದು ಗಾಡಿ ಎತ್ತಿಸಿದ್ರು. ನಾನೇನು ಮಾಡಬೇಕಿತ್ತು?

ಮೊದಲು ದುಡ್ಡು ಕೊಡಿ. ಗಲಾಟೆಯಲ್ಲಿ ಜಾರಿಕೊಳ್ಳುವವರೇ ಜಾಸ್ತಿ, ಅವತ್ತಿನ ವ್ಯಾಪಾರ ಹೋದ ಮೇಲೆ ತಿಂದವರ ದುಡ್ಡೂ ಹೋಗುತ್ತದೆ. ಪ್ಲೇಟ್ ವಾಪಸ್ ಕೊಡಿ, ಬಿಸಿ ಎಣ್ಣೆ ಬಾಣಲೆ ಇಳಿಸುವಾಗ ದಾರಿ ಬಿಡಿ.

ಅಧಿಕಾರಿಗಳ ಜೊತೆ ನೀವು ಜಗಳಕ್ಕೆ ಇಳಿದರೆ ಅದರ ಪೆಟ್ಟು ಗಾಡಿಯವರಿಗೆ. ಗೊತ್ತಿರಬೇಕಾದ ವಿಷಯ ಇಷ್ಟು: 2014ರಲ್ಲಿ ಬೀದಿ ವ್ಯಾಪಾರಿಗಳ ರಕ್ಷಣೆಗೆ ಅಂತ ಕೇಂದ್ರ ಕಾನೂನು ಬಂದಿದೆ. ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಸಮೀಕ್ಷೆ ಮಾಡಿ ವ್ಯಾಪಾರಿಗಳಿಗೆ ಪ್ರಮಾಣಪತ್ರ, ಗುರುತಿನ ಚೀಟಿ ಕೊಡಬೇಕು. ಎಬ್ಬಿಸೋದಾದರೆ 30 ದಿನದ ನೋಟಿಸ್ ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಕೊಡಬೇಕು, ವ್ಯಾಪಾರಿ ಬಂದು ಕೇಳಿದರೆ ಕೆಡುವ ವಸ್ತು ಅವತ್ತೇ, ಕೆಡದ ವಸ್ತು ಎರಡು ಕೆಲಸದ ದಿನದೊಳಗೆ ವಾಪಸ್. ತುಂಬ ಜನ ತಳ್ಳುಗಾಡಿಯವರಿಗೆ ಈ ಪಟ್ಟಿ ಕೇಳಬೇಕು ಅಂತಲೇ ಗೊತ್ತಿಲ್ಲ. ನಿಮಗೆ ಓದು ಬರಹ ಚೆನ್ನಾಗಿ ಬಂದರೆ ಪಕ್ಕದಲ್ಲಿ ನಿಂತು "ಪಟ್ಟಿ ತಗೊಳ್ಳಿ ಅಣ್ಣಾ" ಅಂತ ಹೇಳಿ.

ಮುಚ್ಚುವ ಹೊತ್ತಿಗೆ ಹೋಗಿ ಒಂದೇ ಒಂದು ಅಂತ ಕೇಳಬಹುದಾ?

ಒಲೆ ಉರೀತಾ ಇದ್ದರೆ ಕೇಳಿ. ಹಿಟ್ಟಿನ ಪಾತ್ರೆ ಕಡೆ ಕಣ್ಣು ಹಾಯಿಸಿ, ಸೌಟು ತಳಕ್ಕೆ ಬಡಿಯೋ ಸದ್ದು ಬಂದರೆ ಮುಗೀತು ಅಂತ ಅರ್ಥ. ನಮ್ಮಲ್ಲಿ ಹತ್ತು ಗಂಟೆಗೆ ಕೊನೆಯ ಹಿಟ್ಟಿನಲ್ಲಿ ಎರಡು ದೋಸೆ ಆಗುತ್ತದೆ, ಸ್ವಲ್ಪ ದಪ್ಪ, ಅಂಚು ಅಂಕುಡೊಂಕು. ಒಂದು ಭಾವನಿಗೆ, ಒಂದು ನನಗೆ. ಏಸ್ ಹಿಂದೆ ನಿಂತುಕೊಂಡು, ಡಬ್ಬದ ತಳದಲ್ಲಿ ಉಳಿದ ಚಟ್ನಿ ಬಳಿದು ತಿನ್ನುತ್ತೇವೆ. ಆಗ ಯಾರಾದರೂ ಬಂದು ಪಾತ್ರೆ ಇಣುಕಿ ನೋಡಿ "ಅಯ್ಯೋ, ಆಗೋಯ್ತಾ?" ಅಂದರೆ ಭಾವನಿಗೆ ತಡೆಯೋಕಾಗಲ್ಲ, ತನ್ನದನ್ನೇ ಮಡಚಿ ಕೊಟ್ಟುಬಿಡುತ್ತಾರೆ. ಆದ್ದರಿಂದ ಆ ಹೊತ್ತಿಗೆ ಬಂದವರಿಗೆ ಈಗ ನಾನೇ ಅಡ್ಡ ನಿಂತು ಹೇಳುತ್ತೇನೆ: ನಾಳೆ ಆರಕ್ಕೆ ಬನ್ನಿ ಸಾರ್, ಬೋಣಿ ನಿಮ್ದೇ.